ಸುಮೇಧಾಳ ಹಿತ್ತಲು

ಭಾನುವಾರ ಬರಬೇಕಿದ್ದವರು ಶುಕ್ರವಾರವೇ ಬಂದುಬಿಟ್ಟರು. ನಿರ್ಣಾದಲ್ಲಿ ಸಂಬಂಧಿಕರನ್ನು ನೋಡಿಕೊಂಡು ಬಸವಕಲ್ಯಾಣಕ್ಕೆ ವಾಪಸಾಗುವಾಗ, ಜೀಪು ಹೇಗೂ ಇದೆಯಲ್ಲ, ಹೆಣ್ಣು ನೋಡಿಕೊಂಡೇ ಹೋಗೋಣ ಅಂತ ಘಾಟಬೋರಾಳಕ್ಕೆ ತಿರುಗಿಸಿದ್ದರು. ತೊಂಬತ್ತೆಂಟರ ಮೇ ತಿಂಗಳು, ನೆತ್ತಿ ಸುಡುವ ಹೊತ್ತು. ಬಂದವರು ಇಬ್ಬರೇ: ಹೊಲಿಗೆ ಅಂಗಡಿ ಇಟ್ಟಿದ್ದ ಸಂಘಪಾಲ, ಅವನ ತಾಯಿ ಗಿರಿಜಾಬಾಯಿ.

ದೇವಿಂದ್ರಪ್ಪ ಜೈಭೀಮ್ ಹೇಳಿ ಅವರನ್ನು ಕೂರಿಸಿದವನೇ ಒಳಗೆ ಓಡಿಬಂದ.

"ಮನ್ಯಾಗ ಏನೂ ತಂದಿಲ್ಲ. ಹುಮನಾಬಾದಿಗೆ ಹೋಗಿ ಕಾಯಿಪಲ್ಯ, ಮಿಠಾಯಿ ತರ್ತೀನಿ," ಅಂದು ಸೈಕಲ್ಲಿಗೆ ಕೈ ಹಾಕಿದ.

ಮಗಳು ಸುಮೇಧಾ ತಡೆದಳು. "ಸೈಕಲ್ ಬಿಡಪ್ಪಾ. ನೀ ಅವರ ಹತ್ರ ಕೂಡು. ಊಟದ್ದು ನಾ ನೋಡ್ತೀನಿ."

ಮನೆಯ ಹಿಂದಿನ ಜಾಗ ಮೊದಲು ಬರೀ ಕಲ್ಲು ಮತ್ತು ಬೂದಿಯ ಗುಡ್ಡೆಯಾಗಿತ್ತು. ಸುಮೇಧಾ ಅದನ್ನು ಅಗೆದು, ಕೆರೆಯ ಹೂಳು ಹೊತ್ತು ಹಾಕಿ, ಬಚ್ಚಲ ನೀರನ್ನು ಆ ಕಡೆ ತಿರುಗಿಸಿದ್ದಳು. ಈಗ ಹೀರೇಬಳ್ಳಿ ಚಪ್ಪರ ತುಂಬಿ ಇಳಿಬಿದ್ದಿತ್ತು. ಅವಳು ಬುಟ್ಟಿ ಹಿಡಿದು ಹೋಗಿ ಬದನೆಕಾಯಿ, ಎಳೆ ಸೌತೆ, ಎರಡು ಹೀರೇಕಾಯಿ ಹರಿದುಕೊಂಡಳು. ಕೆಂಡದಲ್ಲಿ ಮಾವಿನಕಾಯಿ ಸುಟ್ಟು, ಬೆಲ್ಲ ಕಿವುಚಿ ಪಾನಕ ಮಾಡಿ ಮೊದಲು ಅದನ್ನು ಕಳಿಸಿದಳು. ತಾಯಿ ದ್ರೌಪತಿ ರೊಟ್ಟಿ ಬಡಿಯುತ್ತ ಕೂತಳು.

ಒಳಗೆ ಸೆಖೆ ಅಂತ ಗಿರಿಜಾಬಾಯಿ ಚಪ್ಪರದ ಕೆಳಗೇ ಊಟಕ್ಕೆ ಕೂತರು. ಶೇಂಗಾ ತುಂಬಿದ ಬದನೆಕಾಯಿ, ಹೀರೇಸಿಪ್ಪೆಯ ಚಟ್ನಿ, ಮೊಸರು ಕಲಸಿದ ಸೌತೆಕಾಯಿ. ಮೂರನೇ ರೊಟ್ಟಿ ಮುರಿಯುತ್ತ ಕೇಳಿದರು, "ಇದೆಲ್ಲ ಯಾರು ಬೆಳಸ್ಯಾರ?"

"ನಾನೇ ರೀ," ಅಂದಳು ಸುಮೇಧಾ. ನೋಡಲು ಬಂದವರೆದುರು ಇಷ್ಟು ನೇರ ಮಾತಾಡಬಾರದೆಂದು ದ್ರೌಪತಿ ಮಗಳ ಸೆರಗು ಎಳೆದಳು. ಸುಮೇಧಾ ಮಾತು ನಿಲ್ಲಿಸಲಿಲ್ಲ. "ನಿಮ್ಮ ಮನ್ಯಾಗ ಹಿತ್ತಲ ಅದಾ ರೀ?"

"ಅಂಗಳ ಅದ. ಎಲ್ಲಾ ಕಡಿ ಫರಸಿ ಕಲ್ಲು ಹಾಕ್ಸೇವಿ."

"ಹಂಗಾದ್ರ ಬಚ್ಚಲ ಕಡೀದು ನಾಕು ಫರಸಿ ತೆಗೀಬೇಕಾಗ್ತದ ರೀ."

ದೇವಿಂದ್ರಪ್ಪ ಸುಮ್ಮನೆ ಕೆಮ್ಮಿದ. ಗಿರಿಜಾಬಾಯಿಯ ಕೈ ತಾಟಿನ ಮೇಲೆ ನಿಂತಿತು.

"ಆ ಕಲ್ಲು ನನ್ನ ಗಂಡ ಹಾಕ್ಸಿದ್ದು," ಅಂದರು. "ಅದೇ ವರ್ಷ ಅವ್ರು ತೀರಿಕೊಂಡ್ರು."

ಸುಮೇಧಾಳ ಮುಖ ಬಿಸಿಯಾಯಿತು. ಆದರೂ ಮಾತು ಹಿಂದಕ್ಕೆ ತಗೊಳ್ಳಲಿಲ್ಲ. "ಗೊತ್ತಿರಲಿಲ್ರಿ. ಆದ್ರ ಒಂದು ಕಲ್ಲೂ ಒಡಿಯಂಗಿಲ್ಲ. ಅವನ್ನೇ ಜೋಡಿಸಿ ನಿಮಗ ಕೂಡ್ಲಿಕ್ಕೆ ಕಟ್ಟಿ ಮಾಡೋಣ. ಬಳ್ಳಿ ನೆರಳಾಗ."

ಗಿರಿಜಾಬಾಯಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಹೊರಡುವಾಗ ಹೇಳಿ ಕಳಿಸ್ತೀವಿ ಅಂದರು, ಅಷ್ಟೇ. ಜೀಪು ಹೋದ ಮೇಲೆ ದ್ರೌಪತಿ ಅತ್ತಳು. ಸುಮೇಧಾ ಗಿಡಗಳ ಬುಡಕ್ಕೆ ನೀರು ಬಿಟ್ಟಳು. ಹಿತ್ತಲ ಮಾತು ಕೇಳದೆ ಆ ಮನೆ ಸೇರಿದ್ದರೆ ಆಮೇಲೆ ಉಸಿರು ಕಟ್ಟುತ್ತಿತ್ತು ಅಂತ ಅವಳಿಗೆ ಗೊತ್ತಿತ್ತು.

ಮುಂದಿನ ವಾರ ಸಂಘಪಾಲ ಒಬ್ಬನೇ ಬಂದ. ನಿಂತುಕೊಂಡೇ ಹೇಳಿದ, "ಫರಸಿ ತೆಗದೀನಿ. ಅವ್ವ ಮುಂದ ನಿಂತು ತೆಗಿಸ್ಯಾಳ. ಕೆಳಗ ಕರಿಮಣ್ಣು ಅದ. ಯಾವ ಸಸಿ ಹಚ್ಚಬೇಕು ಕೇಳಿ ಬಾ ಅಂದಾಳ."

"ನಾ ಬರೋತನಕ ಏನೂ ಹಚ್ಚಬ್ಯಾಡ್ರಿ," ಅಂದಳು ಸುಮೇಧಾ. ಅವನು ನಕ್ಕ. ಒಳಗಿದ್ದ ದೇವಿಂದ್ರಪ್ಪನೂ ನಕ್ಕುಬಿಟ್ಟ.

ಮಳೆ ಶುರುವಾಗುವ ಮೊದಲೇ ಮದುವೆಯಾಯಿತು. ಮರುವರ್ಷ ಬೇಸಿಗೆಯಲ್ಲಿ ದ್ರೌಪತಿ ಮಗಳ ಮನೆಗೆ ಹೋದಾಗ ಅಂಗಳದಲ್ಲಿ ಗಿರಿಜಾಬಾಯಿ ಗೋಡೆಯಾಚೆಯ ಮನೆಯ ಹಜಿರಾ ಬೀ ಕೈಗೆ ಬದನೆಕಾಯಿ ದಾಟಿಸುತ್ತಿದ್ದರು. ದ್ರೌಪತಿ ಬಳ್ಳಿಯ ಬುಡದ ದಪ್ಪ ಸೌತೆಗೆ ಕೈ ಚಾಚಿದಳು.

"ಅದನ್ನ ಮುಟ್ಟಬ್ಯಾಡ್ರಿ, ಬೀಜಕ್ಕ ಬಿಟ್ಟೀನಿ," ಅಂದರು ಗಿರಿಜಾಬಾಯಿ. ಎಲೆ ಸರಿಸಿ ಎಳೆಯದೊಂದು ಹರಿದು, ಸೀಳಿ, ಉಪ್ಪು ಖಾರ ಸವರಿ ಬೀಗತಿಯ ಕೈಗಿಟ್ಟರು. ಇಬ್ಬರೂ ನಿಂತಲ್ಲೇ ತಿಂದರು.