ಏಳನೇ ಟೇಬಲ್ಲಿನ ನೀರು

ಜಗ್ಗಿನ ಮೈ ಬೆವೆತಿದೆ, ಒಳಗೆ ಐಸ್ ತುಂಡುಗಳು ಒಂದಕ್ಕೊಂದು ಬಡಿದು ಕಿಣಿಕಿಣಿ ಅನ್ನುತ್ತಿವೆ, ಹಡಗು ಎಡಕ್ಕೆ ವಾಲಿದರೆ ನೀರೂ ಎಡಕ್ಕೆ, ಬಲಕ್ಕೆ ವಾಲಿದರೆ ನೀರೂ ಬಲಕ್ಕೆ, ನೀಲಮ ಮಾತ್ರ ನೆಟ್ಟಗೆ ನಿಂತಿದ್ದಾಳೆ, ಕಾಲು ತುಸು ಅಗಲಿಸಿ, ಹಡಗಿನಲ್ಲಿ ನಿಲ್ಲುವುದು ಹೇಗೆಂದು ಅವಳ ಕಾಲಿಗೆ ಈಗ ಯಾರೂ ಹೇಳಿಕೊಡಬೇಕಾಗಿಲ್ಲ — ಊಟದ ಹಾಲ್‌ನ ಆ ತುದಿಗೆ ಏಳನೇ ಟೇಬಲ್, ಅಲ್ಲಿ ಮುರಗೆಪ್ಪ ಸಾವಕಾರರು, ಪಕ್ಕದಲ್ಲಿ ಹೆಂಡತಿ ಸುಂದ್ರವ್ವ, ಅಥಣಿ ಕಡೆಯ ದ್ರಾಕ್ಷಿ ತೋಟದವರು, ಇವತ್ತಿನಿಂದ ನೀ ಏಳಕ್ಕ ಹೋಗಬ್ಯಾಡ, ಹನ್ನೆರಡಕ್ಕ ಹೋಗು, ಎಂದು ಬೆಳಿಗ್ಗೆ ಹೆಡ್ ವೇಟರ್ ವಿಕ್ರಾಂತ ಹೇಳಿದ, ನಿಪ್ಪಾಣಿಯವನು, ಕೆಟ್ಟವನಲ್ಲ, ಜಗಳವೆಂದರೆ ಅಂಜಿಕೆ ಅಷ್ಟೇ, ಗೆಸ್ಟ್ ಹೇಳ್ಯಾರ, ಬ್ಯಾರೆ ಹುಡುಗೀನ್ನ ಕಳಸು ಅಂದ್ರು, ಯಾಕಂತ ನಾ ಕೇಳಿಲ್ಲ, ನೀನೂ ಕೇಳಬ್ಯಾಡ. ಕೇಳುವುದೇನಿದೆ, ಅವನಿಗೂ ಗೊತ್ತು, ಇವಳಿಗೂ ಗೊತ್ತು. ನಾ ಏಳಕ್ಕ ಹೋಗಾಕಿನ, ಎಂದಳು ನೀಲಮ. ಹುಚ್ಚಿ ಅದಿಯೇನ, ಕಂಪ್ಲೇಂಟ್ ಮ್ಯಾಲ ಹೋದ್ರ ಮುಂದಿನ ಕಾಂಟ್ರ್ಯಾಕ್ಟ್ ಸಿಗೂದಿಲ್ಲ, ನಿಮ್ಮೂರ ಕರೋಶ್ಯಾಗ ಮನಿ ಹಿಡದು ಕೂಡ್ತಿ ನೋಡು. ಕೂಡ್ತೀನಿ ಬಿಡೋ, ಮನಿ ಏನ್ ಹೊಲಸ್ ಐತೇನ. ಅಂದಳೇನೋ ಅಂದಳು, ಈ ಕೆಲಸ ಹೋದರೆ ಇಂಥದು ಇನ್ನೊಂದು ಸಿಗುವುದಿಲ್ಲ, ಸಿಗದಿದ್ದರೆ ಸಿಗದು. ಜಗ್ಗಿನ ತಳದಲ್ಲಿ ಒಂದು ಹನಿ ಕೂಡಿಕೊಳ್ಳುತ್ತಿದೆ, ಬೀಳಲೋ ಬೇಡವೋ ಎಂದು ನೇತಾಡುತ್ತಿದೆ, ಅವ್ವನ ಮೊಳಕೈಯಲ್ಲಿ ಹೀಗೇ ನೇತಾಡುತ್ತಿತ್ತು.

ಮುಂಬೈ ಬಿಟ್ಟ ಮೇಲೆ ನೆಲ ಕಂಡಿಲ್ಲ, ನೀಲಮಳಿಗೆ ಸಮುದ್ರವೂ ಕಂಡಿಲ್ಲ, ಅವಳ ಖೋಲಿ ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯಿಲ್ಲ, ಮೇಲಿನ ಮಂಚದಲ್ಲಿ ಜೊತೆಯ ಕಾಜಲ, ಕೆಳಗಿನದರಲ್ಲಿ ಇವಳು, ಪರದೆ ಎಳೆದುಕೊಂಡರೆ ಅಷ್ಟೇ ಮನೆ, ದಿನಾ ಸಮುದ್ರ ನೋಡ್ತಿಯೇನವಾ ಎಂದು ಅವ್ವ ಫೋನಿನಲ್ಲಿ ಕೇಳುತ್ತಾಳೆ, ನೋಡ್ತೀನಿ ಬೇ ಎಂದು ಇವಳು ಸುಳ್ಳು ಹೇಳುತ್ತಾಳೆ — ಗೋಡೆಯ ಆಚೆ ಸಮುದ್ರ, ಈಚೆ ಎಂಜಿನ್ನಿನ ಗುಂಯ್ ಅನ್ನುವ ಸದ್ದು, ಏಳು, ಕೂದಲು ಬಿಗಿದು ಕಟ್ಟು, ನಾಷ್ಟಾ, ಮಧ್ಯಾಹ್ನದ ಊಟ, ಚಹಾ, ರಾತ್ರಿಯ ಊಟ, ಒಂದರ ತಟ್ಟೆ ಎತ್ತುವಷ್ಟರಲ್ಲಿ ಇನ್ನೊಂದರ ಚಮಚ ಒರೆಸುವುದು, ಸಮುದ್ರದ ನಡುವೆ ಇಷ್ಟು ಮಂದಿಗೆ ಇಷ್ಟು ಹಸಿವು ಎಲ್ಲಿಂದ ಬರುತ್ತದೋ, ಮತ್ತೆ ಮೈಕಿನಲ್ಲಿ, ಪಶ್ಚಿಮಕ್ಕೆ ಹೊರಟಿದ್ದೇವೆ, ಗಡಿಯಾರ ಹಿಂದಕ್ಕೆ ತಿರುಗಿಸಿಕೊಳ್ಳಿ. ಗಡಿಯಾರ ಬೇಕಾದರೆ ತಿರುಗಲಿ, ನಾನು ತಿರುಗುವುದಿಲ್ಲ. ಹಡಗು ಹತ್ತಿದ ದಿನ ಸುಂದ್ರವ್ವ ತಲೆ ಸುತ್ತಿ ಟೇಬಲ್ಲಿನ ಮೇಲೆ ಒರಗಿದ್ದಳು, ನೀಲಮ ಓಡಿಹೋಗಿ ನಿಂಬೆಹಣ್ಣು ತಂದು, ಮೂಸಿ ನೋಡ್ರಿ ಯವ್ವಾ, ಎಂದು ಕೊಟ್ಟಳು, ಏ, ನೀ ಕನ್ನಡದಾಕಿ ಅದಿಯೇನ ತಂಗಿ, ಎಂದು ಮುರಗೆಪ್ಪ ಟೇಬಲ್ ಕುಟ್ಟಿ ನಕ್ಕರು, ಸುಂದ್ರವ್ವ ಡಬ್ಬಿ ತೆರೆದು ಶೇಂಗಾ ಚಟ್ನಿಯನ್ನು ಇವಳ ಅಂಗೈಗೇ ಹಾಕಿದಳು, ತಿನ್ನವಾ, ನಮ್ ಕಡೀದು, ಆಮೇಲೆ ಗ್ಲಾಸಿನ ಮೇಲೆ ಗ್ಲಾಸು, ಮುರಗೆಪ್ಪ ಇವಳ ಕೈಯಿಂದ ಎಷ್ಟು ನೀರು ಕುಡಿದರೋ. ನಿನ್ನೆ ಕೇಳಿದರು, ಯಾವೂರು, ಯಾರ ಪೈಕಿ ಅದಿ? ಚಿಕ್ಕೋಡಿ ಕಡೇದ್ರಿ ಎಂದು ನಕ್ಕು ಜಾರಿಕೊಳ್ಳಬಹುದಿತ್ತು, ವಿಕ್ರಾಂತ ಹೇಳುವುದೂ ಅದನ್ನೇ, ಯಾಕೆ ಜಾರಿಕೊಳ್ಳಬೇಕು, ಕರೋಶಿ ಸಕ್ಕುಬಾಯಿ ಮಗಳ್ರಿ, ನಿಮ್ ದ್ರಾಕ್ಷಿ ತ್ವಾಟಕ್ಕ ಕೆಲಸಕ್ಕ ಬರ್ತಿದ್ಲಲ್ರಿ, ಕೇರಿ ಸಕ್ಕುಬಾಯಿ ಅಂತ ಕರೀತಿದ್ರೆಲ್ಲ, ಆಕಿ ಮಗಳು, ಎಂದೇಬಿಟ್ಟಳು. ಸುಂದ್ರವ್ವ ಡಬ್ಬಿಯ ಮುಚ್ಚಳ ಒತ್ತಿದ್ದು ಕೇಳಿಸಿತು. ಮುರಗೆಪ್ಪ ಅರ್ಧ ಕುಡಿದ ಗ್ಲಾಸನ್ನು ದೂರ ಸರಿಸಿದರು.

ಆ ಬಿಸಿಲು, ದ್ರಾಕ್ಷಿಯ ಕೊಂಬೆ ಕತ್ತರಿಸುವ ಚಾಟಣಿಯ ಹಂಗಾಮು, ಬಳ್ಳಿಗಳ ನಡುವೆ ಬಗ್ಗಿ ಬಗ್ಗಿ ಅವ್ವನ ನಡು ಹಿಡಿದುಹೋಗಿದೆ, ನೀರು ಕೇಳಲು ಸಾವಕಾರರ ಮನೆಯ ಕಟ್ಟೆಯ ಕೆಳಗೆ ನಿಂತಿದ್ದಾಳೆ, ಸೆರಗು ಹಿಡಿದು ಪುಟ್ಟ ನೀಲಮ, ಇದೇ ಸುಂದ್ರವ್ವ, ಆಗ ತೆಳ್ಳಗಿದ್ದಳು, ಚರಿಗೆ ಎತ್ತಿ ಹಿಡಿದು ಮೇಲಿನಿಂದ ಸುರಿಯುತ್ತಾಳೆ, ಅವ್ವ ಬೊಗಸೆಯೊಡ್ಡಿ ಬಾಗುತ್ತಾಳೆ, ಬಾಯಿಗೆ ಹೋದದ್ದು ಅರ್ಧ, ಉಳಿದದ್ದು ಬೆರಳ ಸಂದಿಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಳಕೈಗೆ, ಅಲ್ಲಿಂದ ಮಣ್ಣಿಗೆ — ಯಾಕಬೇ ಅಷ್ಟ್ ಮ್ಯಾಲಿಂದ ಹಾಕ್ತಾರ? ಸುಮ್ಕ ಕುಡಿ. ನಾ ಒಲ್ಲೆ. ನೀರಡಿಕಿ ಆಗೇತಿ ಕುಡಿಯ ನನ್ನವ್ವಾ. ಒಲ್ಲೆ ಅಂದ್ರ ಒಲ್ಲೆ. ಕುಡಿಯಲಿಲ್ಲ, ಗುಡಿಸಲಿಗೆ ಮರಳುವ ತನಕ ನಾಲಿಗೆ ಒಣಗಿಸಿಕೊಂಡೇ ಇದ್ದಳು, ಆ ಒಣ ನಾಲಿಗೆ ಇನ್ನೂ ಬಾಯಲ್ಲಿದೆ. ಮುಂಬೈಯ ಟ್ರೇನಿಂಗಿನಲ್ಲಿ ಸರ್ ಹೇಳಿದರು, ಜಗ್ ಗ್ಲಾಸಿಗೆ ತಾಗಬಾರದು, ಮೇಲಿನಿಂದ ಸುರಿಯಬೇಕು, ನೀಲಮ ಜಗ್ಗನ್ನು ಧಡಕ್ಕನೆ ಇಟ್ಟು ಎದ್ದುಹೋದಳು, ಏನಾಯಿತೆಂದು ಒಬ್ಬರಿಗೂ ತಿಳಿಯಲಿಲ್ಲ, ನಳದ ಮುಂದೆ ನಿಂತು ಸಾಕಾಗುವಷ್ಟು ಅತ್ತಳು, ಮುಖ ತೊಳೆದು ತಿರುಗಿ ಬಂದು ಒಂದು ಹನಿ ಚೆಲ್ಲದಂತೆ ಸುರಿದಳು — ಈ ಎತ್ತರ ಬೇರೆ, ಇದು ಕೂತವರೆಲ್ಲರಿಗೂ ಒಂದೇ ಎತ್ತರ. ನಡೆ ಈಗ. ಹನ್ನೆರಡನೇ ಟೇಬಲ್ ದಾಟಿತು, ಹತ್ತು ದಾಟಿತು, ವಿಕ್ರಾಂತ ಅಲ್ಲಿಂದಲೇ ತಲೆ ಅಲ್ಲಾಡಿಸುತ್ತಿದ್ದಾನೆ, ಬೇಡ, ಬೇಡ, ಅಲ್ಲಾಡಿಸು ನೀನು, ಏಳು ಬಂತು, ಸುಂದ್ರವ್ವ ಟೇಬಲ್ ಬಟ್ಟೆಯ ಮಡಿಕೆ ಸರಿಮಾಡುತ್ತಾಳೆ, ಮುರಗೆಪ್ಪ ಇವಳ ಮುಖ ನೋಡಿ, ಮೊಳಕೈ ಟೇಬಲ್ಲಿಗೆ ಊರಿ, ಗ್ಲಾಸಿನ ಬಾಯಿಯ ಮೇಲೆ ಅಂಗೈ ಇಟ್ಟು ಮುಚ್ಚಿದರು. ಬ್ಯಾಡ. ನೀಲಮ ಜಗ್ಗು ಬಾಗಿಸಿದಳು, ನೀರು ಮೂತಿಯ ತನಕ ಬಂದು ನಿಂತಿತು. ಬ್ಯಾಡ ಅಂದದ್ದು ಕೇಳಸ್ಲಿಲ್ಲೇನ? ಕೇಳಸೇತ್ರಿ, ನೀರಡಿಕಿ ಆದಾಗ ಕೈ ತಗೀರಿ, ಅಲ್ಲೀತನಾ ನಾ ಇಲ್ಲೇ ನಿಂತಿರ್ತೀನ್ರಿ. ಅಂದಳು, ಹೋದರೆ ಹೋಗಲಿ ಕೆಲಸ, ಸಿಟ್ಟು ಬಂದಿದೆ, ಚೆನ್ನಾಗಿ ಬಂದಿದೆ, ತೋಳು ನೋಯುತ್ತಿದೆ, ನೋಯಲಿ, ಅಕ್ಕಪಕ್ಕದ ಟೇಬಲ್ಲುಗಳು ತಿರುಗಿ ನೋಡುತ್ತಿವೆ, ನೋಡಲಿ, ಹಡಗು ವಾಲುತ್ತದೆ, ಜಗ್ಗಿನ ತಳದ ಆ ಹನಿ ಕಡೆಗೂ ಬಿಡಿಸಿಕೊಂಡು ಮುರಗೆಪ್ಪನ ಕೈಮೇಲೆ ಬಿತ್ತು, ಅವರು ಕೈ ತೆಗೆಯಲಿಲ್ಲ, ಇವಳು ಜಗ್ಗು ತೆಗೆಯಲಿಲ್ಲ, ಹನಿ ಬೆರಳ ಸಂದಿಗೆ ಇಳಿಯಿತು, ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಳಕೈಗೆ — ಅವ್ವನ ಮೊಳಕೈ, ಅವ್ವನ ಮೊಳಕೈಯಿಂದ ತೊಟ್ಟಿಕ್ಕುವ ನೀರು, ಅವ್ವನ ಮೊಳಕೈ