ಬಾಗಿಲ ಕಡೆಯ ಕುರ್ಚಿ

"ಇದನ್ನೂ ಒಳಗಿಡು," ಎಂದು ಹೋಲಿಸ್ ನಾಲ್ಕನೆಯ ಪಿಸ್ತೂಲನ್ನೂ ಗಾಜಿನ ಕೌಂಟರಿನ ಮೇಲೆ ಆಚೆ ದೂಡಿದ. "ಅಂಗೈಯಷ್ಟಿರ್ಬೇಕು ಕಣಮ್ಮ. ಅಂಗಿ ಕೆಳಗಿದೆ ಅನ್ನೋದು ನನಗೇ ಮರೆತುಹೋಗ್ಬೇಕು."

ರೊವೀನಾ ನಕ್ಕು ಇನ್ನೊಂದು ಡಬ್ಬಿ ತೆಗೆದಳು. ಅಮೆರಿಕದ ಓಕ್ಲಹೋಮಾದ ಆ ಪುಟ್ಟ ಊರಿನಲ್ಲಿ ಈ ಬಂದೂಕಿನಂಗಡಿ ಅವಳಪ್ಪನ ಕಾಲದ್ದು. ಹೋಲಿಸ್‌ಗೆ ಮೊದಲ ಪಿಸ್ತೂಲು ಮಾರಿದವನೂ ಆ ಅಪ್ಪನೇ. ನಲವತ್ತೊಂದು ವರ್ಷ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳದೆ ಹೋಲಿಸ್ ಹೊಸಿಲು ದಾಟಿದವನಲ್ಲ. ಕಳೆದ ಚಳಿಗಾಲದ ಆಪರೇಷನ್ ಆದಮೇಲೆ ಅವನ ತೂಕ ನಲವತ್ತು ಪೌಂಡು ಇಳಿಯಿತು, ಪಿಸ್ತೂಲಿನದು ಇಳಿಯಲಿಲ್ಲ. ಹೋದ ಭಾನುವಾರ ಚರ್ಚಿನಲ್ಲಿ ಹಾಡಲು ಎದ್ದಾಗ ಅದರ ಭಾರಕ್ಕೆ ಪ್ಯಾಂಟೇ ಜಾರತೊಡಗಿ, ಒಂದು ಕೈಯಲ್ಲಿ ಹಾಡಿನ ಪುಸ್ತಕ, ಇನ್ನೊಂದರಲ್ಲಿ ಸೊಂಟ ಹಿಡಿದು ನಾಲ್ಕೂ ಚರಣ ಮುಗಿಸಿದ್ದ. ಹೆಂಡತಿ ವರ್ನೆಲ್ ನಗು ತಡೆಯಲಾರದೆ ಕೆಮ್ಮಿದ್ದಳು.

ಈಗ ಅವಳು ಪಕ್ಕದಲ್ಲಿ ನಿಂತು ಕಣ್ಣರಳಿಸಿ ನೋಡುತ್ತಿದ್ದಳು. ಇದೂ ಚಪ್ಪಲಿ ಅಂಗಡಿಯ ಹಾಗೆಯೇ ಅಂತ ಅವಳಿಗೆ ಗೊತ್ತಿರಲಿಲ್ಲ. ಒಂದು ಬಿಗಿ, ಇನ್ನೊಂದು ಸಡಿಲ. ಪ್ರತಿ ಸಲವೂ ರೊವೀನಾ ಒಳಗೆ ಗುಂಡಿಲ್ಲವೆಂದು ತಾನು ನೋಡಿ, ಅವನಿಗೂ ತೋರಿಸಿ, ಆಮೇಲೆ ಕೈಗೆ ಕೊಡುತ್ತಿದ್ದಳು.

ಐದನೆಯದು ಇಸ್ಪೀಟಿನ ಕಟ್ಟಿಗಿಂತ ತುಸು ದೊಡ್ಡದು. ಹೋಲಿಸ್‌ನ ಮುಖ ಅರಳಿತು.

"ಮೊದ್ಲು ಸ್ಲೈಡ್ ಎಳೆದು ನೋಡಿ ಅಂಕಲ್."

ಪಿಸ್ತೂಲಿನ ಮೇಲಿನ ಆ ಉಕ್ಕಿನ ಭಾಗವನ್ನು ಹಿಂದಕ್ಕೆಳೆದರೆ ಮಾತ್ರ ಮೊದಲ ಗುಂಡು ಒಳಗೆ ಕೂರುವುದು. ಹೋಲಿಸ್ ಎಳೆದ. ಅರ್ಧ ಬಂದು ನಿಂತಿತು. ಗೆಣ್ಣು ಊದಿದ ಬೆರಳುಗಳು ಜಾರಿದವು.

"ಎಣ್ಣೆ ಬಿಟ್ಟಿಲ್ವೇನೇ ಇದಕ್ಕೆ?"

"ಬಿಟ್ಟಿದೀನಿ ಅಂಕಲ್. ಚಿಕ್ಕದು ಅಂದ್ರೆ ಸುಲಭ ಅಂತ ಎಲ್ರೂ ಅಂದ್ಕೋತಾರೆ. ಮೂರ್ತಿ ಚಿಕ್ಕದಾದಷ್ಟೂ ಸ್ಪ್ರಿಂಗು ಮೊಂಡು."

ಎರಡನೆಯ ಸಲ, ಮೂರನೆಯ ಸಲ. ಅವನ ಕತ್ತು ಕೆಂಪಾಗುವುದು ವರ್ನೆಲ್‌ಗೆ ಕಾಣಿಸಿತು. ರೊವೀನಾಗೆ ತಿಳಿಯದ್ದು ಅವಳಿಗೆ ಗೊತ್ತಿತ್ತು. ಮೂರು ತಿಂಗಳಿಂದ ಅವನು ಉಪ್ಪಿನಕಾಯಿ ಬಾಟಲಿಯನ್ನು ಏನೋ ನೆಪ ಹೇಳಿ ಶೆಡ್ಡಿಗೆ ಒಯ್ದು, ಇಕ್ಕಳದಿಂದ ಮುಚ್ಚಳ ತೆರೆದು ತರುತ್ತಿದ್ದ. ಅವಳು ಯಾಕೆಂದು ಕೇಳಿರಲಿಲ್ಲ. ಮನೆ ಕಾಯುವವನು ತಾನು ಎಂಬುದೊಂದೇ ಆಪರೇಷನ್ನಾದ ಮೇಲೂ ಅವನಲ್ಲಿ ಉಳಿದಿದ್ದ ಗತ್ತು. ಅದೂ ಈ ಗಾಜಿನ ಮೇಲೆ ಉದುರಿಹೋದರೆ ಗಂಡ ಮನೆಗೆ ಹೇಗೆ ಬಂದಾನು ಎಂದು ಅವಳಿಗೆ ಹೆದರಿಕೆಯಾಯಿತು.

"ಎಲ್ಲಿ, ನಾನೂ ಒಂದ್ಸಲ ನೋಡ್ಲಾ?" ಎಂದಳು. ರೊವೀನಾಳ ಕಣ್ಣು ಅವನಿಂದ ಆಚೆ ಹೋಗಲಿ ಎಂದು ಕೇಳಿದ್ದು ನಿಜ. ಆದರೆ ಕೈ ತುರಿಸುತ್ತಿದ್ದದ್ದೂ ನಿಜ.

"ಇದೇನು ಬಿಸ್ಕೆಟ್ ಹಿಟ್ಟು ಅಂದ್ಕೊಂಡ್ಯಾ?" ಎಂದ ಹೋಲಿಸ್. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಹಿಟ್ಟು ನಾದಿದವಳು ಅವಳು.

"ಗೋಡೆ ಕಡೆ ಹಿಡೀರಿ ಆಂಟಿ. ಟ್ರಿಗರ್ ಮೇಲೆ ಬೆರಳು ಬೇಡ. ಎದೆ ಹತ್ರ ತಂದು, ಮೇಲಿಂದ ಭದ್ರವಾಗಿ ಹಿಡ್ಕೊಳ್ಳಿ. ಎಳೀಬೇಡಿ, ಕೆಳಗಿನ ಕೈನ ಮುಂದಕ್ಕೆ ತಳ್ಳಿ."

ತಳ್ಳಿದಳು. ಟಕ್ಕೆಂದು ಪೂರ್ತಿ ಹಿಂದೆ ಬಂತು. ಅವಳಿಗೆ ಖುಷಿಯಾಯಿತು, ಖುಷಿಯಾದದ್ದಕ್ಕೆ ನಾಚಿಕೆಯಾಗಿ ಅದನ್ನು ಥಟ್ಟನೆ ಕೆಳಗಿಟ್ಟಳು. ರೊವೀನಾ ಒರೆಸಬೇಕಿಲ್ಲದ ಗಾಜನ್ನು ಒರೆಸತೊಡಗಿದಳು.

"ಇನ್ನೊಂದ್ಸಲ ಮಾಡು," ಎಂದ ಹೋಲಿಸ್.

ಮಾಡಿದಳು. ಅವನು ಪಿಸ್ತೂಲನ್ನು ನೋಡಲಿಲ್ಲ, ಅವಳ ಕೈಗಳನ್ನೇ ನೋಡಿದ.

"ಖರೀದಿ ಫಾರಂ ಯಾರ ಹೆಸ್ರಿಗೆ ಅಂಕಲ್?"

"ಕೈ ಯಾರದೋ ಹೆಸರೂ ಅವರದೇ."

"ಅಯ್ಯೋ ಹೋಲಿಸ್, ನಾನೆಲ್ಲಿ ಸಿಕ್ಕಿಸ್ಕೊಳ್ಲಿ? ನನ್ನ ಪ್ಯಾಂಟಿಗಿರೋದು ಎಲಾಸ್ಟಿಕ್ಕು!"

"ಬೆಲ್ಟೂ ಮಾರ್ತಾಳೆ ಬಿಡು."

ಅಲ್ಲಿಂದ ಹೆದ್ದಾರಿ ಪಕ್ಕದ ಹೋಟೆಲಿಗೆ ಊಟಕ್ಕೆ ಹೋದರು. ಸೊಂಟದಲ್ಲಿ ಪಿಸ್ತೂಲಿರುವ ಗಂಡಸರು ಅಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ, ಒಳಗೆ ಬರುವವರ ಮೇಲೆ ಕಣ್ಣಿಡಬೇಕಲ್ಲ. ಅಂಥ ಇಬ್ಬರು ಜೊತೆಗೆ ಬಂದರೆ ಕುರ್ಚಿಗಾಗಿ ಸಣ್ಣ ಜಗಳವೇ ಆಗುವುದುಂಟು. ಅದರಿಂದಾಗಿ ವರ್ನೆಲ್ ಮದುವೆಯಾದಾಗಿನಿಂದ ಪ್ರತಿ ಶನಿವಾರ ಗೋಡೆ ಬದಿಯ, ಪೈ ಎಂಬ ಸಿಹಿತಿನಿಸು ಜೋಡಿಸಿಟ್ಟ ಬೀರುವನ್ನೇ ನೋಡುತ್ತ ಉಂಡಿದ್ದಳು. ಅದರ ಗಾಜಿನ ಬಿರುಕು ಎಲ್ಲಿ ತಿರುಗುತ್ತದೆಂದು ಅವಳಿಗೆ ಬಾಯಿಪಾಠ.

ಇವತ್ತೂ ಅವಳು ರೂಢಿಯಂತೆ ಅದೇ ಕುರ್ಚಿಗೆ ಕೈ ಚಾಚಿದಳು. ಹೋಲಿಸ್ ಆಗಲೇ ಅದರಲ್ಲಿ ಕೂತಿದ್ದ.

"ಪೆಕಾನ್ ಪೈ ಒಂದೇ ಉಳಿದಿದೆ ನೋಡು," ಎಂದ, ಬೀರುವಿನಿಂದ ಕಣ್ಣು ತೆಗೆಯದೆ.

ವರ್ನೆಲ್ ಸುತ್ತಿ ಬಂದು ಎದುರು ಕೂತಳು. ಪಿಸ್ತೂಲು ಸಿಕ್ಕಿಸಿದ ಹೊಸ ಬೆಲ್ಟು ಹೊಟ್ಟೆಗೆ ಒತ್ತುತ್ತಿತ್ತು. ಬಾಗಿಲಿನ ಗಂಟೆ ಕಿಣಿಗುಟ್ಟಿತು. ಹೋಲಿಸ್ ತಿರುಗಲಿಲ್ಲ. ಅವಳು ತಲೆಯೆತ್ತಿ, ಬಂದವರು ಯಾರೆಂದು ನೋಡಿದಳು.