ಆಂಪಿನ ಬೆನ್ನಿನ ಬಿಸಿ

ರುಬ್ಬಿದ ಉದ್ದಿನ ಹಿಟ್ಟನ್ನು ಅಕ್ಕಿತರಿಯ ಪಾತ್ರೆಗೆ ಸುರಿದು, ಮೊಣಕೈವರೆಗೆ ಕೈಯಿಳಿಸಿ ಕಲೆಸುತ್ತಿದ್ದಳು ದುರ್ಗಮ್ಮ. ಭದ್ರಾವತಿ ಬಸ್ ಸ್ಟ್ಯಾಂಡ್ ಹತ್ತಿರ ಅವಳೂ ಗಂಡ ಉಜ್ಜನಪ್ಪನೂ ನಡೆಸುವ ಇಡ್ಲಿ ಗಾಡಿಗೆ ಬೆಳಿಗ್ಗೆ ಬೇಕಾದ ಹಿಟ್ಟು. ಧನುರ್ಮಾಸದ ಥಂಡಿಗೆ ಅದು ಮೊಂಡು ಹಿಡಿದು ಕೂರುತ್ತದೆ, ಹುದುಗು ಬರುವುದಿಲ್ಲ. ಪಾತ್ರೆಯನ್ನು ನಡುಮನೆಗೆ ತಂದು, ಗೋಡೆ ಪಕ್ಕದ ಕಪ್ಪು ಪೆಟ್ಟಿಗೆಯ ಬೆನ್ನಿಗೆ ಒತ್ತರಿಸಿಟ್ಟು ಸ್ವಿಚ್ ಹಾಕಿದಳು. ಒಳಗಿನ ಗಾಜಿನ ವಾಲ್ವುಗಳು ನಿಧಾನವಾಗಿ ಕೆಂಪಾದವು. ಗುಂಯ್ ಎಂಬ ಸಣ್ಣ ಸದ್ದು ಮನೆ ತುಂಬಿತು.

ಅದು ಮಗ ಆನಂದನ ಗಿಟಾರಿನ ಆಂಪ್ಲಿಫೈಯರ್. ತುಂಬಾ ಹಳೆಯದು, ರುಬ್ಬುಗುಂಡಿನಷ್ಟು ಭಾರ. ಶಿವಮೊಗ್ಗದ ಅವನ ರಾಕ್ ಬ್ಯಾಂಡಿನವರು ಅದನ್ನು ಸ್ಟೇಜಿಗೆ ಹತ್ತಿಸುವಾಗ ಪ್ರತಿ ಸಲ ಬೈದುಕೊಳ್ಳುತ್ತಿದ್ದರು. ಅವನು ಬಾರಿಸುವಾಗ ಅದರ ಬೆನ್ನು ಬಿಸಿಯಾಗುವುದನ್ನು ಕಂಡು ಮೊದಲ ಸಲ ಹಿಟ್ಟಿನ ಪಾತ್ರೆ ಇಟ್ಟವಳು ಅವಳೇ. “ಇದೇನು ಒಲೆ ಅಂದ್ಕೊಂಡ್ಯೇನಮ್ಮಾ?” ಎಂದು ನಕ್ಕಿದ್ದ. ಆಮೇಲೆ ತಾನೇ ಕರೆಯತೊಡಗಿದ: “ಅಮ್ಮಾ, ಹಿಟ್ಟು ತಾ. ಇವತ್ತು ಜೋರಾಗಿ ಬಾರಿಸೋದಿದೆ, ಚೆನ್ನಾಗಿ ಉಬ್ಬುತ್ತೆ.”

ಹೋದ ವರ್ಷದ ಮಳೆಗಾಲದಲ್ಲಿ ಡೆಂಗ್ಯೂ ಅವನನ್ನು ಒಯ್ದಿತು. ಪೆಟ್ಟಿಗೆ ಉಳಿಯಿತು. ಬಾರಿಸುವವರಿಲ್ಲದಿದ್ದರೂ ಆ ಗುಂಯ್ ಸದ್ದು ಕೇಳುತ್ತಿದ್ದರೆ, ತಂತಿ ಸರಿಮಾಡಿಕೊಳ್ಳುತ್ತಾ ಅವನು ಅಲ್ಲೇ ಕೂತಿದ್ದಾನೆ ಎನಿಸುತ್ತಿತ್ತು ಅವಳಿಗೆ.

ಪೆಟ್ಟಿಗೆ ಅವನಿಗೆ ಸಿಕ್ಕಿದ್ದು ಆಯನೂರಿನ ಗಂಗಾಧರಪ್ಪನವರಿಂದ. ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸಿ ಬಾರಿಸಿ ಅವರ ಕಿವಿ ಹೋಗಿತ್ತು. ದುಡ್ಡು ಮುಟ್ಟದೆ ಒಂದು ಮಾತು ಪಡೆದಿದ್ದರು: “ಬಾರಿಸೋವರೆಗೂ ನಿಂದು. ನಿಲ್ಲಿಸಿದ ದಿನ ನಂಗೊಂದು ಕಾಗದ ಹಾಕು, ಯಾರಿಗೆ ಕೊಡ್ಬೇಕು ಹೇಳ್ತೀನಿ. ನಂಗೆ ಕೊಟ್ಟೋರೂ ಹೀಗೇ ಹೇಳಿ ಕೊಟ್ಟಿದ್ದು.” ಫೋನು ಅವರಿಗೆ ಕೇಳುವುದಿಲ್ಲ. ಪೆಟ್ಟಿಗೆಯ ಯೋಗಕ್ಷೇಮ ಕೇಳಿ ಆಗಾಗ ಆನಂದನ ಹೆಸರಿಗೆ ಕಾರ್ಡು ಬರುತ್ತಿತ್ತು: ನಮ್ಮ ಹಳೇ ಹುಲಿ ಗುರುಗುಟ್ಟುತ್ತಿದೆಯಾ?

ಅವನು ಹೋದ ಮೇಲೆ ಬಂದ ಕಾರ್ಡಿಗೆ ದುರ್ಗಮ್ಮ ಒಮ್ಮೆ ಉತ್ತರ ಬರೆಯಲು ಕೂತಿದ್ದಳು. ‘ಗಂಗಾಧರಪ್ಪನವರಿಗೆ ನಮಸ್ಕಾರಗಳು. ನಮ್ಮ ಆನಂದ’ ಎಂಬಲ್ಲಿಗೆ ಪೆನ್ನು ನಿಂತಿತ್ತು. ಮುಂದಿನ ಮಾತು ಬರೆದರೆ ಅದು ನಿಜವಾಗಿಬಿಡುತ್ತದೆ. ಹಾಳೆ ದೇವರ ಪಟದ ಹಿಂದೆ ಹೋಯಿತು.

ಹಿಟ್ಟು ಕಲೆಸಿಟ್ಟ ಆ ಸಂಜೆ, ಮಾತಾಡಿಸಿಕೊಂಡು ಹೋಗಲು ಕವನ ಬಂದಳು. ಶಿವಮೊಗ್ಗದ ರಾಗಿಗುಡ್ಡದ ಹುಡುಗಿ, ಆನಂದನ ಜೊತೆ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತಿದ್ದವಳು. ಬೆನ್ನಿಗೆ ಗಿಟಾರ್ ಹಾಗೇ ಇತ್ತು. ಪೆಟ್ಟಿಗೆಯನ್ನೂ ಪಾತ್ರೆಯನ್ನೂ ನೋಡಿ ಬಾಗಿಲಲ್ಲೇ ನಿಂತಳು.

“ಆಂಟಿ, ಇದನ್ನ ದಿನಾ ಹಾಕ್ತೀರಾ?”

“ಥಂಡಿಗೆ ಹಿಟ್ಟು ಉಬ್ಬಬೇಕಲ್ಲ ಮಾರಾಯ್ತಿ.”

“ಬೇಸಿಗೇಲಿ?”

ದುರ್ಗಮ್ಮ ಪಾತ್ರೆಯ ಮುಚ್ಚಳ ಸರಿಮಾಡಿದಳು. ಮೂಲೆಯಲ್ಲಿ ಚಟ್ನಿಗೆ ಕಾಯಿ ತುರಿಯುತ್ತಿದ್ದ ಉಜ್ಜನಪ್ಪ ತಲೆಯೆತ್ತದೆ ಹೇಳಿದ, “ಬೇಸಿಗೇಲೂ ಹಾಕ್ತಾಳೆ.”

ಕವನ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದಳು. “ಈ ವಾಲ್ವಿಗೆ ಆಯಸ್ಸು ಅಂತ ಇದೆ ಆಂಟಿ. ಉರಿದಷ್ಟೂ ಸವೀತದೆ, ಬಾರಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಆಗ್ಲೇ ಒಂದು ಮಂಕಾಗಿದೆ ನೋಡಿ.”

ದುರ್ಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒರೆಸುತ್ತಲೇ ಇದ್ದಳು. ಆಮೇಲೆ, “ಒಂದ್ಸಲ ಬಾರಿಸು,” ಎಂದಳು.

ಕವನ ವೈರು ಸಿಕ್ಕಿಸಿ ಮೆಲ್ಲಗೆ ಬಾರಿಸಿದಳು. ದುರ್ಗಮ್ಮ ಕಣ್ಣು ಮುಚ್ಚಿ ಕಾದಳು. ಸ್ವರ ದುಂಡಗೆ, ಬೆಚ್ಚಗೆ ಬಂತು. ಆದರೆ ಆನಂದ ಪ್ರತಿ ಸಲ ಆತುರಪಟ್ಟು ಮುಂದೆ ಓಡುತ್ತಿದ್ದ ಕಡೆ ಈ ಹುಡುಗಿ ನಿಂತು ಉಸಿರಾಡಿದಳು. ಪೆಟ್ಟಿಗೆ ಅದೇ, ಕೈ ಬೇರೆ. ಇಷ್ಟು ದಿನ ತಾನು ಕೇಳಿದ್ದು ಬರೀ ಪೆಟ್ಟಿಗೆಯ ಸದ್ದು, ಮಗ ಅದರಲ್ಲಿ ಇರಲೇ ಇಲ್ಲ.

“ಸಾಕಾ ಆಂಟಿ?”

“ಸಾಕು ಕಣವ್ವಾ. ಚೆನ್ನಾಗಿ ಬಾರಿಸ್ತೀಯ.” ಎದ್ದು ಹೋಗಿ ತಾನೇ ಸ್ವಿಚ್ ಆರಿಸಿದಳು. ಮನೆ ಅಷ್ಟು ಸುಮ್ಮನಾದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಉಜ್ಜನಪ್ಪನ ತುರಿಮಣೆಯೂ ನಿಂತಿತ್ತು.

ಕವನ ಬಸ್ಸಿಗೆ ಹೋದ ಮೇಲೆ ಹಿಟ್ಟಿನ ಪಾತ್ರೆಗೆ ಆನಂದನ ಕಂಬಳಿ ಸುತ್ತಿದಳು. ಪಟದ ಹಿಂದಿನ ಹಾಳೆ ತೆಗೆದು, ನಿಂತಿದ್ದ ಮಾತಿನ ಪಕ್ಕದಲ್ಲೇ ಬರೆದಳು: ‘ತೀರಿಕೊಂಡ. ಹೋದ ವರ್ಷವೇ. ತಿಳಿಸಲು ಕೈ ಬರಲಿಲ್ಲ. ನಿಮ್ಮ ಹುಲಿ ಇನ್ನೂ ಗುರುಗುಟ್ಟುತ್ತಿದೆ. ಕವನ ಅಂತ ಒಬ್ಬಳು ಹುಡುಗಿ ಇದ್ದಾಳೆ, ನಿಧಾನವಾಗಿ ಬಾರಿಸುತ್ತಾಳೆ. ನೀವು ಹೂಂ ಅಂದರೆ ಅವಳಿಗೆ ಕೊಡುತ್ತೇನೆ.’

ಬೆಳಿಗ್ಗೆ ಹಿಟ್ಟು ಅರ್ಧವೂ ಉಬ್ಬಿರಲಿಲ್ಲ.

“ಏನ್ ದುರ್ಗಮ್ಮಾ, ಇವತ್ತು ಇಡ್ಲೀಲಿ ಗೋಡೆ ಕಟ್ಬೋದು,” ಎಂದ ದಿನಾ ಬರುವ ಬಸ್ ಕಂಡಕ್ಟರು.

“ಥಂಡಿ ಅಲ್ವೇನಪ್ಪಾ. ಸಾಂಬಾರಲ್ಲಿ ನೆನೆಸ್ಕೊಂಡು ತಿನ್ನು,” ಎಂದು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು.

ಗಾಡಿಯನ್ನು ಗಂಡನಿಗೆ ಒಪ್ಪಿಸಿ ಅಂಚೆ ಡಬ್ಬಿಯ ಹತ್ತಿರ ಹೋದಳು. ಕೈಗೆ ಹತ್ತಿದ ಹಿಟ್ಟು ಲಕೋಟೆಯ ಮೂಲೆಗೆ ತಾಗಿತ್ತು, ಉಗುರಿನಿಂದ ಕೆರೆದಳು. ಡಬ್ಬಿಯ ಬಾಯಿಗೆ ತುರುಕಿದ ಮೇಲೂ ಸ್ವಲ್ಪ ಹೊತ್ತು ಲಕೋಟೆಯ ತುದಿ ಹಿಡಿದೇ ಇದ್ದಳು. ಆಮೇಲೆ ಬಿಟ್ಟಳು.